ಭಟ್ಟಿಯ ಬಿಸಿ ಯಾರ ಪಾಲು?

ದಾವಣಗೆರೆಯ ಮಂಡಕ್ಕಿ ಭಟ್ಟಿಯೊಳಗೆ ಐದು ನಿಮಿಷ ನಿಂತು ನೋಡಿ ಸ್ವಾಮಿ. ಕಾದ ಮರಳಿನಲ್ಲಿ ಅಕ್ಕಿ ಅರಳುತ್ತದೆ, ನಿಜ. ಆದರೆ ಒಲೆಯ ಬಿಸಿ ಪೂರಾ ಅಕ್ಕಿಗೇ ಹೋಗ್ತದಾ? ಎಷ್ಟೋ ಪಾಲು ಗೋಡೆಗೆ, ಗಾಳಿಗೆ, ದುಡಿಯುವವರ ಮೈಗೆ. ಕರೆಂಟು ಹೋಯಿತೋ, ಅಷ್ಟು ದೊಡ್ಡ ಬೆಂಕಿಯ ಪಕ್ಕದಲ್ಲೇ ದೀಪವಿಲ್ಲ!

ನೀವು ಹತ್ತುವ ಬಸ್ಸಿನದೂ ಇದೇ ಕಥೆ. ಸುಟ್ಟ ಡೀಸೆಲ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ರೇಡಿಯೇಟರು, ಸೈಲೆನ್ಸರುಗಳ ಮೂಲಕ ಬರೀ ಬಿಸಿಯಾಗಿ ಗಾಳಿಪಾಲು.

ಈ ಬಿಸಿಯಿಂದ ಕರೆಂಟು ತೆಗೆಯೋಕೆ ಬರೋದಿಲ್ಲವೇ? ಬರುತ್ತದೆ. ಎರಡು ಬಗೆಯ ಲೋಹ ಜೋಡಿಸಿ ಒಂದು ಬೆಸುಗೆಯನ್ನು ಕಾಯಿಸಿದರೆ ಪಕ್ಕದ ದಿಕ್ಸೂಚಿಯ ಮುಳ್ಳು ತಿರುಗುವುದನ್ನು ಸೀಬೆಕ್ ಎಂಬ ವಿಜ್ಞಾನಿ 1821ರಲ್ಲೇ ಕಂಡಿದ್ದ. ಈಗ ಬಿಸ್ಮತ್ ಟೆಲ್ಯುರೈಡ್ ಎಂಬ ವಸ್ತುವಿನಿಂದ ಮಾಡಿದ, ಬಿಸ್ಕತ್ತಿನಷ್ಟು ಬಿಲ್ಲೆಗಳು ಸಿಗುತ್ತವೆ. ಒಂದು ಮುಖ ಬಿಸಿ, ಇನ್ನೊಂದು ಮುಖ ತಂಪು ಇರಬೇಕು, ಅಷ್ಟೆ. ತಿರುಗುವ ಚಕ್ರವಿಲ್ಲ, ಸದ್ದಿಲ್ಲ. 1977ರಲ್ಲಿ ಅಮೆರಿಕ ಹಾರಿಸಿದ ವಾಯೇಜರ್ ನೌಕೆಗಳು ಪ್ಲುಟೋನಿಯಂ ಬಿಸಿಯಿಂದ ಇದೇ ವಿದ್ಯೆಯಲ್ಲಿ ದಶಕಗಳ ಕಾಲ ದುಡಿದಿವೆ.

ವಸ್ತುವಿನಲ್ಲಿ ವಿದ್ಯುತ್ತು ಸಲೀಸಾಗಿ ಹರಿಯಬೇಕು, ಬಿಸಿ ಮಾತ್ರ ಹರಿಯಬಾರದು. ಕಷ್ಟ ಇರೋದೇ ಇಲ್ಲಿ. ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರದ ಕನಿಷ್ಕ ಬಿಸ್ವಾಸ್ ತಂಡ 2021ರಲ್ಲಿ ಬೆಳ್ಳಿ, ಆಂಟಿಮನಿ, ಟೆಲ್ಯೂರಿಯಂ ಕೂಡಿದ ವಸ್ತುವಿಗೆ ಚೂರು ಕ್ಯಾಡ್ಮಿಯಂ ಬೆರೆಸಿ, ಈ ಗುಣದಲ್ಲಿ ಜಗತ್ತೇ ತಿರುಗಿ ನೋಡುವಂಥ ಫಲ ಪಡೆಯಿತು.

ಹಾಗಂತ ಆಸೆ ಅತಿಯಾಗೋದು ಬೇಡ. ಅಂಗಡಿಯಲ್ಲಿ ಸಿಗುವ ಬಿಲ್ಲೆ ತನ್ನ ಮೂಲಕ ಹಾದ ಬಿಸಿಯಲ್ಲಿ ನೂರಕ್ಕೆ ಐದಾರು ಪಾಲನ್ನು ಕರೆಂಟು ಮಾಡಿದರೆ ಹೆಚ್ಚು. ಟೆಲ್ಯೂರಿಯಂ ಅಪರೂಪದ್ದು, ದುಬಾರಿ. "ಭಟ್ಟಿ ಬಿಸಿಯಿಂದ ಮನೆಗೆಲ್ಲ ಪುಕ್ಕಟೆ ಕರೆಂಟು" ಅಂತ ಯಾರಾದರೂ ಬಂದರೆ ಅಡ್ವಾನ್ಸ್ ಕೊಡಬೇಡಿ!

ಆದರೆ ಒಂದು ಎಲ್‌ಇಡಿ ದೀಪ, ಒಲೆಗೆ ಗಾಳಿ ಊದುವ ಒಂದು ಪುಟ್ಟ ಫ್ಯಾನು, ಇಷ್ಟಕ್ಕೆ ಕೆಲವು ಬಿಲ್ಲೆ ಸಾಕು. ಗಾಳಿ ಸರಿಯಾಗಿ ಸಿಕ್ಕರೆ ಬೆಂಕಿ ಚೆನ್ನಾಗಿ ಉರಿದು ಹೊಗೆ ಇಳಿಯುತ್ತದೆ. ಇಂಥ ಫ್ಯಾನಿನ ಅಡಿಗೆ ಒಲೆಗಳು ಈಗಾಗಲೇ ಮಾರಾಟಕ್ಕಿವೆ. ಭಟ್ಟಿಗೆ ಯಾಕಾಗಬಾರದು?

ಊರಲ್ಲಿ ಇಂಜಿನಿಯರಿಂಗ್ ಕಾಲೇಜಿಗೆ ಬರವಿಲ್ಲ. ಹುಡುಗರು ವರ್ಷಾ ವರ್ಷಾ ಪ್ರಾಜೆಕ್ಟ್ ಬೈಂಡ್ ಮಾಡಿಸಿ ಕಪಾಟು ತುಂಬಿಸ್ತಾರೆ. ಒಂದು ವರ್ಷ ಒಂದೇ ಒಂದು ಭಟ್ಟಿಗೆ ಬರಲಿ. ಹೊಗೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತಾ ನಮಗೆ ಮಂಡಕ್ಕಿ ತಿನ್ನಿಸುವವರಿಗೆ ಅಷ್ಟಾದರೂ ಸಲ್ಲಬೇಕು. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?