ವಲಸೆಯ ಕಾರಣವೂ ಭಾಷೆಯ ಪಾಠವೇ

ಸ್ಪ್ಯಾನಿಷ್ ಕಲಿಯಲು ಸೇರಿದವರಿಗೆ ಹೋಟೆಲಿನಲ್ಲಿ ಊಟ ಕೇಳುವುದು, ರೈಲು ನಿಲ್ದಾಣದ ದಾರಿ ವಿಚಾರಿಸುವುದು ಬೇಗ ಬರುತ್ತದೆ. ಆ ಭಾಷೆಯಾಡುವ ಜನ ಕಾಗದಪತ್ರವಿಲ್ಲದೆ ಗಡಿ ದಾಟುವುದೇಕೆಂಬ ಪ್ರಶ್ನೆ ತರಗತಿಯಲ್ಲಿ ಎದ್ದರೆ, ಬಡತನ ಎಂದು ಹೇಳಿ ಮುಗಿಸುವುದು ಸುಲಭ. ಇತಿಹಾಸ ಅಷ್ಟು ಸುಲಭವಾಗಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಳು ಸಾಲದೆ ಅಮೆರಿಕವೇ 1942ರಲ್ಲಿ ಮೆಕ್ಸಿಕೊದೊಡನೆ ಒಪ್ಪಂದ ಮಾಡಿಕೊಂಡು ಹೊಲಗೆಲಸಕ್ಕೆ ಜನರನ್ನು ಕರೆಸಿಕೊಂಡಿತು. 'ಬ್ರಸೆರೊ' ಎಂಬ ಆ ಯೋಜನೆ 1964ರಲ್ಲಿ ನಿಂತಿತು. ಮರುವರ್ಷದ ವಲಸೆ ಕಾನೂನು ಲ್ಯಾಟಿನ್ ಅಮೆರಿಕದಿಂದ ಬರುವವರಿಗೂ ಮೊದಲ ಬಾರಿಗೆ ಸಂಖ್ಯೆಯ ಮಿತಿ ಹಾಕಿತು. ಹೊಲದಲ್ಲಿ ಕೆಲಸ ಇದ್ದೇ ಇತ್ತು, ಕರೆಯುವ ಮಾಲೀಕ ಇದ್ದ, ಬರುವವರೂ ಬರುತ್ತಲೇ ಇದ್ದರು. ಪರವಾನಗಿ ಮಾತ್ರ ಇಲ್ಲವಾಯಿತು. ಗ್ವಾಟೆಮಾಲಾದಲ್ಲಿ 1960ರಿಂದ 1996ರವರೆಗೆ ನಡೆದ ಅಂತರ್ಯುದ್ಧ, 1998ರಲ್ಲಿ ಹೊಂಡುರಾಸನ್ನು ನೆಲಕಚ್ಚಿಸಿದ ಮಿಚ್ ಚಂಡಮಾರುತ, ವೆನೆಜುವೆಲಾದ ಕುಸಿತ, ಒಂದೊಂದಕ್ಕೂ ಬೇರೆ ಬೇರೆ ಕಥೆ. ವೆನೆಜುವೆಲಾ ಬಿಟ್ಟ 70 ಲಕ್ಷಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ನೆಲೆಸಿದ್ದು ಕೊಲಂಬಿಯಾ, ಪೆರುವಿನಂಥ ಸುತ್ತಲ ದೇಶಗಳಲ್ಲಿ. 2021ರಲ್ಲಿ ಕೊಲಂಬಿಯಾ ಅವರಿಗೆ 10 ವರ್ಷಗಳ ವಾಸದ ಪರವಾನಗಿ ಘೋಷಿಸಿತು. ಜನ ಅವರೇ, ನೆಲ ಅದೇ, ಅಕ್ರಮ ಸಕ್ರಮವಾಯಿತು.

ಇದನ್ನು ತಮಿಳುನಾಡಿನ ಹೊಸೂರು ಸೀಮೆಯ ಉದ್ದನಪಲ್ಲಿಯಲ್ಲಿ ಕಲಿಸಲು ಅಟ್ಲಾಸ್ ಬೇಕಿಲ್ಲ. ಇಲ್ಲಿನ ಮಕ್ಕಳು ಹುಟ್ಟಿನಿಂದಲೇ ಭಾಷಾ ವಿದ್ಯಾರ್ಥಿಗಳು: ಮನೆಯಲ್ಲಿ ಕನ್ನಡವೋ ತೆಲುಗೋ, ಶಾಲೆಯಲ್ಲಿ 2006ರ ಕಾಯ್ದೆ ಕಡ್ಡಾಯ ಮಾಡಿದ ತಮಿಳು, ಮೇಲೆ ಇಂಗ್ಲಿಷ್. ಈಗ ಹಿಂದಿಯೂ ಕಿವಿಗೆ ಬೀಳುತ್ತಿದೆ. ಪಕ್ಕದ ನಾಗಮಂಗಲದಲ್ಲಿ (ಮಂಡ್ಯದ್ದಲ್ಲ) ಟಾಟಾ ಎಲೆಕ್ಟ್ರಾನಿಕ್ಸ್ ಐಫೋನಿನ ಭಾಗಗಳನ್ನು ತಯಾರಿಸುತ್ತದೆ. ರಾಂಚಿ, ಹಜಾರಿಬಾಗ್ ಸುತ್ತಲಿನ 6 ಸಾವಿರ ಬುಡಕಟ್ಟು ಹೆಣ್ಣುಮಕ್ಕಳಿಗೆ ಐಫೋನ್ ತಯಾರಿಕೆಯ ತರಬೇತಿ ಕೊಡಲಾಗಿದೆ ಎಂದು ಕೇಂದ್ರ ಸಚಿವ ಅಶ್ವಿನಿ ವೈಷ್ಣವ್ 2022ರ ನವೆಂಬರಿನಲ್ಲಿ ಹೇಳಿದ್ದರು. ಆ ಪ್ರದೇಶದ ಒರಾವ್ ಜನರ ಕುಡುಖ್ ಭಾಷೆ ಕನ್ನಡದಂತೆಯೇ ದ್ರಾವಿಡ ಕುಲದ್ದು. ನಮ್ಮ ಎಷ್ಟು ಭಾಷಾ ಪಾಠಗಳಲ್ಲಿ ಇದು ಬರುತ್ತದೋ ಕಾಣೆ. 19ನೆಯ ಶತಮಾನದಲ್ಲಿ ರಾಂಚಿ ಸುತ್ತಲಿನ ಇದೇ ಛೋಟಾನಾಗಪುರ ಸೀಮೆಯ ಜನರನ್ನು ಕರಾರಿನ ಕೂಲಿಗಳಾಗಿ ಅಸ್ಸಾಮಿನ ಚಹಾ ತೋಟಗಳಿಗೆ ಸಾಗಿಸಲಾಗಿತ್ತು. ಆ ಸೀಮೆಯಲ್ಲಿ ಗಣಿಯ ಪಕ್ಕದಲ್ಲೇ ಹುಟ್ಟಿದವರು ಕೂಲಿಗಾಗಿ ದೇಶ ಸುತ್ತುವುದೇಕೆ ಎಂಬ ಪ್ರಶ್ನೆಯಿಂದ ಹೊಂಡುರಾಸಿನ ಪ್ರಶ್ನೆಗೆ ಹೆಚ್ಚು ದೂರವಿಲ್ಲ. ರಾಂಚಿಯವರು ಉದ್ದನಪಲ್ಲಿಗೆ ಬರುವುದು ಸಂವಿಧಾನದ 19ನೆಯ ವಿಧಿ ಕೊಟ್ಟ ಹಕ್ಕು. ಹೊಂಡುರಾಸಿನವರು ಟೆಕ್ಸಾಸ್‌ಗೆ ಅನುಮತಿಯಿಲ್ಲದೆ ಹೋದರೆ ಅಪರಾಧ.

ಕಾರಣ ವಿವರಿಸಿದರೆ ಕಾನೂನು ಮುರಿಯುವುದಕ್ಕೆ ಬೆಂಬಲ ಕೊಟ್ಟಂತಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ. 2025ರ ಫೆಬ್ರುವರಿಯಲ್ಲಿ ಅಮೆರಿಕದ ಸೇನಾ ವಿಮಾನ 104 ಭಾರತೀಯರನ್ನು ಅಮೃತಸರಕ್ಕೆ ತಂದಿಳಿಸಿತು. ಅವರಲ್ಲಿ ಹೆಚ್ಚಿನವರು ಹರಿಯಾಣ, ಗುಜರಾತ್, ಪಂಜಾಬಿನವರು, ಅಂದರೆ ದೇಶದ ಬಡ ರಾಜ್ಯಗಳವರಲ್ಲ. ಹೀಗೆ ಹೋಗುವವರಲ್ಲಿ ಹಲವರು ಏಜೆಂಟರಿಗೆ ಲಕ್ಷಗಟ್ಟಲೆ ಸುರಿದು, ಅದಕ್ಕಾಗಿ ಹೊಲ ಮಾರಿ, ಸ್ಪ್ಯಾನಿಷ್ ನಾಡುಗಳ ಕಾಡುದಾರಿಯಲ್ಲೇ ಸಾಗುತ್ತಾರೆ. ಏಜೆಂಟನ ಲೆಕ್ಕ ಬಿಡಿಸಿ ಕಲಿಸಿದ ಪಾಠ ಅವನ ಬಲೆಗೆ ಬೀಳುವವರನ್ನು ತಡೆದೀತೇ ಹೊರತು ಹೆಚ್ಚಿಸದು. ಇನ್ನು ಭಾಷಾ ಮೇಷ್ಟ್ರಿಗೆ ಈ ಉಸಾಬರಿ ಏಕೆ ಎಂಬುದು ಎರಡನೆಯ ಆಕ್ಷೇಪ. 2023ರ ಮಾರ್ಚಿನಲ್ಲಿ ತಮಿಳುನಾಡಿನಲ್ಲಿ ಬಿಹಾರಿಗಳನ್ನು ಕೊಲ್ಲುತ್ತಿದ್ದಾರೆಂಬ ಸುಳ್ಳು ವಿಡಿಯೊಗಳು ಹರಡಿ ಎಷ್ಟೋ ಕಾರ್ಮಿಕರು ಗಾಬರಿಯಿಂದ ರೈಲು ಹತ್ತಿದರು. ಬಿಹಾರ ಸರ್ಕಾರವೇ ತಂಡ ಕಳಿಸಿ ವಿಚಾರಿಸಬೇಕಾಯಿತು. ಆ ವದಂತಿ ಬೇರೂರಿದ್ದು, ಬಂದವರಿಗೂ ಇದ್ದವರಿಗೂ ನಡುವೆ ಮಾತಿಲ್ಲದಿದ್ದುದರಿಂದ.

ಮೂರನೆಯ ಆಕ್ಷೇಪವೇ ಗಟ್ಟಿಯಾದದ್ದು. ಹೊರಗಿನವರ ಕಷ್ಟ ಕಲಿಸುತ್ತೀರಿ, ನೆಲ ಕಳೆದುಕೊಳ್ಳುವ ನಮ್ಮ ಕಷ್ಟ ಯಾರು ಕಲಿಸುತ್ತಾರೆ? ಕೈಗಾರಿಕಾ ಪ್ರದೇಶ ನಿರ್ಮಿಸುವ ಸರ್ಕಾರಿ ಸಂಸ್ಥೆ ಸಿಪ್ಕಾಟ್‌ನ ಐದನೆಯ ಹಂತಕ್ಕೆ ಭೂಸ್ವಾಧೀನ ಬೇಡವೆಂದು ಉದ್ದನಪಲ್ಲಿ ಸುತ್ತಲಿನ ರೈತರು 2023ರಲ್ಲಿ ತಿಂಗಳುಗಟ್ಟಲೆ ಧರಣಿ ಕೂತಿದ್ದರು. ಆ ಧರಣಿಯನ್ನು ಬಿಟ್ಟು ವಲಸೆಯ ಪಾಠ ಮಾಡಿದರೆ ಅದು ಅರ್ಧ ಸತ್ಯ. ಕಾರ್ಖಾನೆ ಒಂದೂರಿನವರ ಹೊಲ ಕೇಳುತ್ತದೆ, ಇನ್ನೊಂದೂರಿನವರ ತೋಳು ಕೇಳುತ್ತದೆ. ಇಬ್ಬರನ್ನೂ ಒಂದೇ ಪಾಠದಲ್ಲಿ ಕೂರಿಸದಿದ್ದರೆ ಮಕ್ಕಳು ಒಬ್ಬರ ಮೇಲೊಬ್ಬರಿಗೆ ಸಿಟ್ಟು ಕಲಿಯುತ್ತಾರೆ.

ಪಾಠಕ್ಕೆ ಸಾಮಗ್ರಿ ಸಿದ್ಧವಾಗಿಯೇ ಇದೆ. ಅಂತರರಾಜ್ಯ ವಲಸೆ ಕಾರ್ಮಿಕರ 1979ರ ಕಾಯ್ದೆಯ ಪ್ರಕಾರ ಗುತ್ತಿಗೆದಾರ ಪ್ರತಿ ಕಾರ್ಮಿಕನಿಗೂ ಫೋಟೊ ಅಂಟಿಸಿದ ಪಾಸ್‌ಬುಕ್ ಕೊಡಬೇಕಿತ್ತು. ಕೂಲಿ ಎಷ್ಟು, ಕಡಿತ ಎಷ್ಟು, ಊರಿಗೆ ಮರಳುವ ಖರ್ಚೆಷ್ಟು ಎಂಬುದು ಅದರಲ್ಲಿ ಹಿಂದಿ ಮತ್ತು ಇಂಗ್ಲಿಷಿನಲ್ಲಿರಬೇಕಿತ್ತು; ಕಾರ್ಮಿಕನ ಭಾಷೆ ಬೇರೆಯಾದರೆ ಆ ಭಾಷೆಯಲ್ಲೂ. ಅಂಥ ಒಂದು ಪುಟವನ್ನು ಒಂಬತ್ತನೆಯ ತರಗತಿಯ ಮಕ್ಕಳು ಕನ್ನಡದಲ್ಲಿ, ತಮಿಳಿನಲ್ಲಿ ಬರೆದು ನೋಡಲಿ. ಕಡಿತದ ಕಾಲಮಿನಲ್ಲಿ ಏನೇನು ಬರೆಯಬೇಕೆಂದು ಅವರೇ ಕೇಳುತ್ತಾರೆ.