ಲಾಕರ್‌ನಲ್ಲಿ ಬಿಟ್ಟ ಬಂದೂಕು

ಹೋದ ಶನಿವಾರ ರಾತ್ರಿ ಹನ್ನೊಂದಕ್ಕೆ ಟೊರೊಂಟೊದಲ್ಲಿರೋ ಅಣ್ಣನಿಗೆ ವಿಡಿಯೋ ಕಾಲ್ ಮಾಡಿ, ಸ್ಕ್ರೀನ್ ಶೇರ್ ಆನ್ ಮಾಡಿ, 'ರೆಸಿಡೆಂಟ್ ಈವಿಲ್ 2' ಶುರು ಮಾಡಿದೆ. ಎರಡು ವರ್ಷದಿಂದ ನಮ್ಮಿಬ್ಬರ ಮಾತು ಅಂದ್ರೆ ಅಪ್ಪನ ಮಾತ್ರೆ, ಆಸ್ಪತ್ರೆ ಬಿಲ್ಲು, ಅಷ್ಟೇ. ಒಂದು ದಿನವಾದ್ರೂ ಬೇರೆ ಏನಾದ್ರೂ ಇರಲಿ ಅನ್ನಿಸ್ತು.

ನಾನು ಹಾಕಿದ್ದು 2019ರ ರೀಮೇಕ್. ಮೂಲ ಗೇಮ್ 1998ರದ್ದು. ನಾವದನ್ನ ಆಡಿದ್ದು ಬಹಳ ತಡವಾಗಿ, ನಾನು ಆರನೇ ಕ್ಲಾಸಿನಲ್ಲಿದ್ದಾಗ. ಎರಡು ಸಿಡಿ: ಒಂದು ಕ್ಲೇರ್‌ದು, ಇನ್ನೊಂದು ಲಿಯಾನ್‌ದು. ಕಂಪ್ಯೂಟರ್ ತಂದಿದ್ದು ಅಣ್ಣನ ಓದಿಗೆ, ಹಾಗಾಗಿ ಮೊದಲ ಸುತ್ತು ಕ್ಲೇರ್ ಆಗಿ ಅವನದು. ಎರಡನೇದು ಲಿಯಾನ್ ಆಗಿ ನನ್ನದು. ಪಾಪ ಲಿಯಾನ್, ಪೊಲೀಸ್ ಕೆಲಸಕ್ಕೆ ಸೇರೋ ಮೊದಲ ದಿನವೇ ಊರೆಲ್ಲ ಜಾಂಬಿಗಳು. ನಮ್ಮ ಆಫೀಸಿನ ಆನ್‌ಬೋರ್ಡಿಂಗ್ ಎಷ್ಟೋ ವಾಸಿ.

ಹಳೇದರಲ್ಲಿ ಪ್ರತಿ ಬಾಗಿಲಿಗೂ ಪರದೆ ಕಪ್ಪಾಗಿ, ಬಾಗಿಲೊಂದು ನಿಧಾನಕ್ಕೆ ಕಿರ್ ಅಂತ ತೆರೀತಿತ್ತು. ಅದು ಲೋಡಿಂಗ್ ಮರೆಮಾಚೋ ಉಪಾಯ ಅಂತ ಗೊತ್ತಾಗಿದ್ದು ಇಂಜಿನಿಯರಿಂಗಿಗೆ ಬಂದ ಮೇಲೆ. ಆಗ ನಮಗೆ ಬಾಗಿಲು ಅಂದ್ರೆ ನಿಟ್ಟುಸಿರು. ಹಿಂದೆ ಬರ್ತಿದ್ದ ಜಾಂಬಿ ಆ ಕಡೆಯೇ ಉಳೀತಿತ್ತು. ರೀಮೇಕ್‌ನಲ್ಲಿ ಆ ಕಾಯುವಿಕೆ ಇಲ್ಲ, ಜಾಂಬಿಗಳೇ ಬಾಗಿಲು ತಳ್ಳಿಕೊಂಡು ಬರ್ತವೆ. ಆ ದೈತ್ಯ ಮಿಸ್ಟರ್ ಎಕ್ಸ್ ಹಳೇದರಲ್ಲಿ ಎರಡನೇ ಸುತ್ತಿನಲ್ಲಿ ಮಾತ್ರ, ಅದೂ ಗೊತ್ತಾದ ಜಾಗಗಳಲ್ಲಿ ಬರ್ತಿದ್ದ. ಈಗ ಸ್ಟೇಷನ್ ತುಂಬ ಹುಡುಕಿಕೊಂಡು ತಿರುಗ್ತಾನೆ. ಗೋಡೆಯಾಚೆ ಬೂಟಿನ ಸದ್ದು ಕೇಳಿದ್ರೆ ಹೆಡ್‌ಫೋನ್ ಕಿತ್ತು ಹಾಕೋಣ ಅನ್ನಿಸುತ್ತೆ. ಕ್ಯಾಮೆರಾನೂ ಅಷ್ಟೆ. ಮೊದಲು ಗೋಡೆಯ ಮೂಲೆಯಲ್ಲಿ ಕದಲದೆ ನಿಂತಿರ್ತಿತ್ತು, ನರಳೋ ಸದ್ದು ಮೊದಲು, ಜಾಂಬಿ ಆಮೇಲೆ. ಈಗ ಹೆಗಲ ಹಿಂದೆಯೇ ಬರುತ್ತೆ. ಹೆದರಿಸೋದರಲ್ಲಿ ಹೊಸದೇ ಮೇಲು, ಅದರಲ್ಲಿ ನನಗೆ ಅನುಮಾನವಿಲ್ಲ.

ಆದ್ರೆ ಒಂದು ಲಾಕರ್ ಹೋಗಿದೆ. ಹಳೇ ಗೇಮಿನಲ್ಲಿ ಪೊಲೀಸ್ ಸ್ಟೇಷನ್ನಿನ ಶಸ್ತ್ರಾಗಾರದಲ್ಲಿ ಸಬ್‌ಮಷಿನ್ ಗನ್ ಒಂದು, ಸೈಡ್ ಪ್ಯಾಕ್ ಒಂದು ಇರ್ತಿತ್ತು. ಸೊಂಟಕ್ಕೆ ಕಟ್ಟಿದ್ರೆ ಇನ್ನೆರಡು ವಸ್ತು ಹಿಡಿಸೋ ಚೀಲ ಅದು. ಮೊದಲ ಸುತ್ತಿನವರು ತಗೋಬಹುದು, ಬಿಡಬಹುದು. ಬಿಟ್ಟಿದ್ದು ಎರಡನೆಯವರಿಗೆ. ಅಣ್ಣ ಎರಡನ್ನೂ ಬಿಟ್ಟಿದ್ದ. ರೀಮೇಕ್‌ನಲ್ಲೂ ಎರಡನೇ ಸುತ್ತಿದೆ, ಆದ್ರೆ ಮೊದಲಿನವರು ಮಾಡಿದ್ದು ಅಲ್ಲಿಗೆ ಮುಟ್ಟೋದಿಲ್ಲ. ಬಹುಪಾಲು ಅದೇ ಒಗಟು, ಅದೇ ರಾಕ್ಷಸರು. ಇಷ್ಟು ಚೆಂದದ ಕೆಲಸ ಮಾಡಿದವರು ಇದನ್ನ ಯಾಕೆ ಬಿಟ್ಟರೋ.

"ಅವತ್ತು ಮರೆತು ಬಿಟ್ಟಿದ್ಯಾ?" ಅಂತ ಕೇಳಿದೆ.

"ಇಲ್ವೋ, ನೀನು ಸಿಕ್ಕಸಿಕ್ಕಲ್ಲಿ ಗುಂಡು ಖಾಲಿ ಮಾಡ್ತಿದ್ದೆ. ಮಿಸ್ಟರ್ ಎಕ್ಸ್ ಬಂದ್ರೆ ಕೀಬೋರ್ಡ್ ಬಿಟ್ಟು ಅಮ್ಮನ ಹತ್ರ ಅಡುಗೆಮನೆಗೆ ಓಡ್ತಿದ್ದೆ. ಇನ್ನೇನು ಮಾಡ್ಲಿ?"

ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಸ್ಕ್ರೀನಿನಲ್ಲಿ ಲಿಯಾನ್ ಸತ್ತ.

ಮೂಲ ಗೇಮ್ 2024ರಿಂದ ಜಿಒಜಿಯಲ್ಲಿ ಮತ್ತೆ ಸಿಗ್ತಿದೆ. ರಾತ್ರಿಯೇ ಇಬ್ಬರೂ ತಗೊಂಡ್ವಿ. ಕ್ಲೇರ್ ಸುತ್ತು ಮುಗಿಸಿ ಸೇವ್ ಫೈಲ್ ಮೇಲ್ ಮಾಡ್ತೀನಿ ಅಂದಿದ್ದಾನೆ. ಇನ್ನೂ ಬಂದಿಲ್ಲ.