ಕೀವಿದೆ, ಕ್ರಿಮಿಯಿಲ್ಲ!

ಪುಟಾಣಿಗಳೇ, ಕೀವುಗುಳ್ಳೆ ಎಂದರೆ ಕ್ರಿಮಿ ಸೇರಿದೆ, ಅಂಟುತ್ತದೆ ಎಂಬುದು ನಮ್ಮೆಲ್ಲರ ಲೆಕ್ಕ. ಈ ಲೆಕ್ಕಕ್ಕೆ ಸಿಗದ ಕಾಯಿಲೆಯೊಂದಿದೆ. ಹೆಸರು ಪಸ್ಚುಲರ್ ಸೋರಿಯಾಸಿಸ್. ಮಕ್ಕಳಲ್ಲಿ ಬಲು ಅಪರೂಪ.

ಇದ್ದಕ್ಕಿದ್ದಂತೆ ಜ್ವರ ಬರುತ್ತದೆ. ಚರ್ಮ ಕೆಂಪಾಗಿ ಉರಿಯುತ್ತದೆ. ಮೇಲೆ ಸಾಸಿವೆಯಷ್ಟು ಕೀವುಗುಳ್ಳೆಗಳು ಏಳುತ್ತವೆ. ಆ ಕೀವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದರೆ ಕ್ರಿಮಿ ಸಿಗುವುದಿಲ್ಲ. ನಮ್ಮನ್ನು ಕಾಯಬೇಕಾದ ಬಿಳಿ ರಕ್ತಕಣಗಳೇ ಚರ್ಮಕ್ಕೆ ನುಗ್ಗಿ ಕೀವಾಗಿರುತ್ತವೆ. ಚರ್ಮದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ವೈದ್ಯರು ರೋಗವನ್ನು ಖಚಿತಪಡಿಸುತ್ತಾರೆ.

ಅಜ್ಜ-ಅಜ್ಜಿಯರೇ, ಜ್ವರದೊಂದಿಗೆ ಇಂಥ ಗುಳ್ಳೆ ಕಂಡರೆ ಮನೆಮದ್ದು ಹಚ್ಚುತ್ತ ಕೂರಬೇಡಿ. ಜೀವಕ್ಕೂ ಅಪಾಯವಾಗಬಹುದು, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಅಸಿಟ್ರೆಟಿನ್, ಸೈಕ್ಲೋಸ್ಪೊರಿನ್‌ನಂಥ ಔಷಧಗಳಿವೆ. ಸ್ಪೆಸೊಲಿಮ್ಯಾಬ್ ಎಂಬ ಹೊಸ ಚುಚ್ಚುಮದ್ದನ್ನು 12 ವರ್ಷ ತುಂಬಿದ, ಕನಿಷ್ಠ 40 ಕಿಲೋ ತೂಕದ ಮಕ್ಕಳಿಗೂ ಕೊಡಲು ಅಮೆರಿಕ 2024ರಲ್ಲಿ ಒಪ್ಪಿದೆ. ಸ್ಟೀರಾಯ್ಡ್ ಮಾತ್ರೆಯನ್ನು ಮಾತ್ರ ನೀವಾಗಿ ಕೊಡಬೇಡಿ. ವೈದ್ಯರು ಕೊಟ್ಟಿದ್ದರೆ ನೀವಾಗಿ ನಿಲ್ಲಿಸಲೂಬೇಡಿ. ತಟ್ಟನೆ ನಿಲ್ಲಿಸಿದರೆ ರೋಗ ಕೆರಳಬಹುದು.

ಮಕ್ಕಳೇ, ಈ ಕಾಯಿಲೆಯೇ ಎಂದು ವೈದ್ಯರು ಹೇಳಿದ ಮೇಲೆ ಹೆದರಿಕೆ ಬೇಡ. ಇದು ಮುಟ್ಟಿದರೆ ಅಂಟುವುದಿಲ್ಲ. ಗೆಳೆಯ ಚೇತರಿಸಿಕೊಂಡು ಶಾಲೆಗೆ ಬಂದಾಗ ಬೆಂಚಿನ ತುದಿಗೆ ಸರಿಯಬೇಡಿ. ಪಕ್ಕದಲ್ಲೇ ಕೂತು ಊಟದ ಡಬ್ಬಿ ಬಿಚ್ಚಿ.